ಹಾಜರಕ್ಕನ ರಜೆ

ಸಾಬೂನು ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಮಿಕ್ಕವರೆಲ್ಲರ ಬಾಯಲ್ಲಿ ಅವಳು ಹಾಜರಕ್ಕ. ಮೈ ಬಿಸಿಯಿರಲಿ, ಬಸ್ಸಿನವರು ಮುಷ್ಕರ ಹೂಡಿರಲಿ, ಬೆಳಗಿನ ಸೈರನ್ ಕೂಗುವ ಮೊದಲೇ ಕಾಗದ ಸುತ್ತುವ ವಿಭಾಗದ ಬಾಗಿಲಲ್ಲಿ ಬಟ್ಟೆಯ ಟೋಪಿಯೊಳಗೆ ಕೂದಲು ತುರುಕಿಕೊಳ್ಳುತ್ತ ನಿಂತಿರುತ್ತಿದ್ದಳು. ಹುಡುಗಿಯಾಗಿ ಸೇರಿದಾಗ ಸಾಬೂನಿಗೆ ಕೈಯಲ್ಲೇ ಕಾಗದ ಮಡಚುತ್ತಿದ್ದವಳು. ಈಗ ಮಡಚುವುದು ಯಂತ್ರ, ಅದರ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಇವಳು. ಸೊಟ್ಟಗೆ ಮಡಚಿಕೊಂಡು ಬಂದ ಒಂದೇ ಒಂದು ಸಾಬೂನು ಅವಳ ಕಣ್ಣು ತಪ್ಪಿಸಿ ಪೆಟ್ಟಿಗೆ ಸೇರಿದ್ದನ್ನು ಯಾರೂ ಕಂಡಿರಲಿಲ್ಲ. ರಜೆ ಹಾಕುವುದೆಂದರೆ ಅವಳ ಲೆಕ್ಕದಲ್ಲಿ ಉಂಡ ಮನೆಗೆ ಎರಡು ಬಗೆದ ಹಾಗೆ.

ಅಂಥವಳನ್ನು ಒಂದು ದಿನ ಮಧ್ಯಾಹ್ನ ಲೆಕ್ಕಪತ್ರ ವಿಭಾಗಕ್ಕೆ ಕರೆಸಿದರು. ಬಹುಮಾನವೇನಾದರೂ ಇರಬಹುದು ಎಂದುಕೊಂಡು ಕೈ ತೊಳೆದುಕೊಂಡೇ ಹೋದಳು.

ಲೆಕ್ಕದ ಮೇಡಂ ಎಂದರೆ ಇವಳ ಅರ್ಧ ವಯಸ್ಸಿನ ಹುಡುಗಿ. ಮೇಜಿನ ಮೇಲೆ ಎರಡು ಕಂಪ್ಯೂಟರ್ ಪರದೆ, ಮಧ್ಯೆ ಆರಿಹೋದ ಚಹಾ. ಕುರ್ಚಿ ತೋರಿಸಿ, "ಅಕ್ಕ, ಬೇಜಾರು ಮಾಡ್ಕೋಬೇಡಿ. ನೀವು ನಾಳೆಯಿಂದ ರಜೆ ಹಾಕ್ಬೇಕು" ಎಂದಳು.

"ಯಾಕೆ ಮೇಡಂ? ನನ್ನಿಂದ ಏನಾದ್ರೂ ತಪ್ಪಾಯ್ತಾ?"

"ಅಯ್ಯೋ, ತಪ್ಪೇನಿಲ್ಲ. ನಿಮ್ಮ ರಜೆ ಗುಡ್ಡ ಬಿದ್ದಿದೆ. ಆಡಿಟರ್ ಕಣ್ಣು ಅದರ ಮೇಲೇ ಬಿದ್ದಿದೆ."

"ನಾನು ರಜೆನೇ ಹಾಕಿಲ್ವಲ್ಲ?"

"ಅದೇ ತೊಂದ್ರೆ. ನೀವು ಹಾಕದೇ ಉಳಿಸಿದ ಒಂದೊಂದು ದಿನಾನೂ ಕಂಪನಿ ನಿಮಗೆ ಕೊಡಬೇಕಾದ ಬಾಕಿ. ನಮ್ಮ ಪುಸ್ತಕದಲ್ಲಿ ಅದು ಸಾಲ."

ಹಾಜರಕ್ಕ ಪರದೆಯ ಕಡೆ ಬಗ್ಗಿ ನೋಡಿದಳು. ಅಂಕಿಗಳ ಸಾಲುಗಳು ಬಿಟ್ಟರೆ ಏನೂ ತಿಳಿಯಲಿಲ್ಲ. "ಅಂದ್ರೆ ನಾನು ಕಂಪನಿಗೆ ಸಾಲ ಕೊಟ್ಟಿದೀನಿ?"

"ಒಂಥರ ಹಾಗೇ."

"ಹಾಗಾದ್ರೆ ಕಂಪನಿಗೆ ಖುಷಿ ಆಗ್ಬೇಕಲ್ಲ ಮೇಡಂ?"

"ಸಾಲ ಕೊಟ್ಟೋರ ಮುಖ ಕಂಡ್ರೆ ಯಾರಿಗೆ ಖುಷಿ ಆಗುತ್ತೆ ಅಕ್ಕ?" ಎಂದು ಹುಡುಗಿ ನಕ್ಕಳು. ಆಮೇಲೆ ಪಾಪ ಅನ್ನಿಸಿತೋ ಏನೋ, ಚಹಾ ಲೋಟ ಬದಿಗಿಟ್ಟು ನಿಧಾನವಾಗಿ ಬಿಡಿಸಿ ಹೇಳತೊಡಗಿದಳು. ಉಳಿದ ರಜೆಗೆಲ್ಲ ನಿವೃತ್ತಿಯ ದಿನ ಕಂಪನಿ ದುಡ್ಡು ಕೊಡಬೇಕು. ಅದೂ ಅವತ್ತಿನ ಸಂಬಳದ ಲೆಕ್ಕದಲ್ಲಿ. ಹುಡುಗಿಯಾಗಿದ್ದಾಗ ಚಿಲ್ಲರೆ ಸಂಬಳದಲ್ಲಿ ಉಳಿಸಿದ ದಿನಕ್ಕೂ ಈಗಿನ ಬೆಲೆ. ಸಂಬಳ ಏರಿದಾಗಲೆಲ್ಲ ಹಳೆಯ ದಿನಗಳೂ ಕೂತಲ್ಲೇ ದುಬಾರಿಯಾಗುತ್ತವೆ. ಅದಕ್ಕಾಗಿ ಪ್ರತಿ ವರ್ಷವೂ ಒಂದಷ್ಟು ಖರ್ಚು ಎಂದು ಮುಂಚಿತವಾಗಿಯೇ ತೋರಿಸಿ ಇಡಬೇಕು. ಎಷ್ಟು ಇಡಬೇಕೆಂದು ಹೇಳಲು ಹೊರಗಿನಿಂದ ಒಬ್ಬ ಗಣಿತದವರು ಬರುತ್ತಾರೆ. ಯಾರು ಯಾವಾಗ ಕೆಲಸ ಬಿಡಬಹುದು, ಎಷ್ಟು ಜನ ನಡುವೆಯೇ ತೀರಿಕೊಳ್ಳಬಹುದು ಎಂದೆಲ್ಲ ಅವರು ಅಂದಾಜು ಹಾಕುತ್ತಾರೆ.

"ನಾನು ಯಾವಾಗ ಸಾಯ್ತೀನಿ ಅಂತಾನೂ ಹಾಕಿದಾರಾ?"

"ನಿಮ್ಮ ಹೆಸರು ಅಲ್ಲಿ ಇರಲ್ಲ ಅಕ್ಕ. ವಯಸ್ಸು ಮಾತ್ರ ಇರುತ್ತೆ."

ಇದು ಸಮಾಧಾನದ ಮಾತೋ ಅಲ್ಲವೋ ಹಾಜರಕ್ಕನಿಗೆ ಗೊತ್ತಾಗಲಿಲ್ಲ. ಅವಳು ಕೊನೆಯದಾಗಿ ಕೇಳಿದಳು, "ಈಗ ನಾನು ಮನೇಲಿ ಕೂತ್ರೆ ಸಂಬಳ ಬರುತ್ತಾ?"

"ಪೂರ್ತಿ ಬರುತ್ತೆ. ಆ ಖರ್ಚು ಹಿಂದಿನ ವರ್ಷಗಳಲ್ಲೇ ತೋರಿಸಿಬಿಟ್ಟಿದೀವಿ. ಹಾಗಾಗಿ ಈ ವರ್ಷದ ಲಾಭ ಸ್ವಲ್ಪ ಹೆಚ್ಚೇ ಕಾಣುತ್ತೆ."

"ಅಂದ್ರೆ ನಾನು ಬಂದ್ರೆ ನಷ್ಟ, ಬರದಿದ್ರೆ ಲಾಭ."

"ಹಾಗಲ್ಲ..." ಎಂದ ಹುಡುಗಿ ಪರದೆಯ ಕಡೆ ತಿರುಗಿದಳು. "ಪುಸ್ತಕದಲ್ಲಿ ಹಾಗೆ ಕಾಣುತ್ತೆ ಅಷ್ಟೆ. ಎರಡು ತಿಂಗಳು ಆರಾಮಾಗಿರಿ."

ಹಾಜರಕ್ಕ ಬೆಪ್ಪುತಕ್ಕಡಿಯ ಹಾಗೆ ಮೆಟ್ಟಿಲಿಳಿದಳು. ಅಷ್ಟು ವರ್ಷ ತಾನು ಕಂಪನಿಗೆ ಕೊಡುತ್ತಿದ್ದೇನೆ ಎಂದುಕೊಂಡದ್ದು ಅಲ್ಲಿ ಹೊರೆಯಾಗಿ ಗುಡ್ಡ ಬಿದ್ದಿತ್ತು. ತಂಗಿಯ ಹೆರಿಗೆಗೆ ಹೋಗದೇ ಉಳಿಸಿದ ದಿನ, ಅಪ್ಪನಿಗೆ ಮೈ ಸರಿಯಿಲ್ಲವೆಂದು ಸುದ್ದಿ ಬಂದಾಗ ಸಂಜೆಯವರೆಗೆ ಯಂತ್ರದ ಮುಂದೆಯೇ ನಿಂತ ದಿನ, ಎಲ್ಲವೂ ಅದರಲ್ಲೇ ಇರಬೇಕು.

ಮನೆಯೆಂದರೆ ಎರಡು ಕೋಣೆ, ಒಂದು ಅಡುಗೆಮನೆ. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರ. ಗಂಡ ಟೈಲರ್. ಹೊಲಿಗೆಯ ನಡುವೆ ಅಡುಗೆಯೂ ಅವನದೇ. ಕಿಟಕಿಯ ಪಕ್ಕದ ಮಣೆಯ ಮೇಲೆ ಎಂಬತ್ತು ದಾಟಿದ ಅತ್ತೆ ಗುಂಡಿಗಳನ್ನು ಬಣ್ಣವಾರು ಬೇರೆ ಮಾಡುತ್ತ ಕೂತಿರುತ್ತಿದ್ದರು. ಸುದ್ದಿ ಕೇಳಿ ಗಂಡ ಪೆಡಲಿನಿಂದ ಕಾಲು ತೆಗೆದ.

"ಎರಡು ತಿಂಗಳಾ? ಮನೇಲಾ? ನೀನಾ?"

"ಹೂಂ. ನಾನು ಮನೇಲಿದ್ರೆ ಕಂಪನಿಗೆ ಲಾಭವಂತೆ."

"ನಮಗೆ?" ಎಂದರು ಅತ್ತೆ, ಗುಂಡಿಯಿಂದ ತಲೆ ಎತ್ತದೆ.

ಅತ್ತೆ ತಮಾಷೆಗೆ ಕೇಳಿದ್ದರೂ ವಾರದೊಳಗೆ ಆ ಪ್ರಶ್ನೆಗೆ ತೂಕ ಬಂತು. ಬೆಳಗ್ಗೆ ಎದ್ದವಳಿಗೆ ಕೈಗೆ ಕೆಲಸ ಸಿಗದು. ಅಡುಗೆಮನೆಯಲ್ಲಿ ಎಲ್ಲ ಡಬ್ಬಿಗಳೂ ಒಂದೇ ಅಳತೆಯವು, ಒಂದರ ಮೇಲೂ ಗುರುತಿಲ್ಲ. ಸಕ್ಕರೆ ಯಾವುದು, ಉಪ್ಪು ಯಾವುದು ಎಂದು ಗಂಡನನ್ನೇ ಕೇಳಬೇಕು. ತನ್ನ ಮನೆಯಲ್ಲಿ ತಾನೇ ನೆಂಟರ ಹಾಗೆ ಕೇಳುತ್ತ ತಿರುಗುವುದು ಸಾಕಾಗಿ, ಒಂದು ದಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ತೊಳೆದು, ಕಾರ್ಖಾನೆಯ ಶಿಸ್ತಿನಲ್ಲಿ ಜೋಡಿಸಿಟ್ಟಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಮೊದಲ ತುತ್ತಿಗೇ ಮೂವರೂ ಮುಖ ಕಿವುಚಿದರು. ತರಕಾರಿಗೆ ಉಪ್ಪಿನ ಬದಲು ಸಕ್ಕರೆ ಬಿದ್ದಿತ್ತು.

"ನಿನಗ್ಯಾರು ಹೇಳಿದ್ದು ಅದನ್ನೆಲ್ಲ ಮುಟ್ಟು ಅಂತ?" ಎಂದು ಗಂಡ ತಟ್ಟೆ ಸರಿಸಿ ಎದ್ದ. ಜೋರು ದನಿಯ ಮನುಷ್ಯನಲ್ಲ ಅವನು. ಮದುವೆಯಾದಾಗಿನಿಂದ ಇಷ್ಟು ಜೋರಾಗಿ ಮಾತಾಡಿದ್ದು ಅವಳಿಗೆ ನೆನಪಿಲ್ಲ.

"ಹಾಕೋ ಮುಂಚೆ ನೋಡಬಾರದಾ? ಬಿಳೀ ಹರಳು ಕಣ್ಣಿಗೆ ಕಾಣಲ್ವಾ?"

ಅತ್ತೆ ಮಗನ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ತಟ್ಟೆ ನೋಡಿಕೊಂಡು ಸಿಹಿ ತರಕಾರಿಯನ್ನೇ ತಿಂದು ಮುಗಿಸಿದರು.

ಅಂದಿನಿಂದ ಹಾಜರಕ್ಕನಿಗೆ ಮನೆಯಲ್ಲಿ ತನಗೆ ತಿಳಿಯದ ಏನೋ ನಡೆಯುತ್ತಿದೆ ಎಂಬ ಗುಮಾನಿ ಶುರುವಾಯಿತು. ಗಂಡ ಅಡುಗೆಮನೆಗೆ ಹೋದಾಗ ಅತ್ತೆ ಸರಸರನೆ ಎದ್ದು ನಾಲ್ಕಾರು ಸೂಜಿಗಳಿಗೆ ದಾರ ಪೋಣಿಸಿ ಯಂತ್ರದ ಪಕ್ಕದ ಮೆತ್ತೆಗೆ ಚುಚ್ಚಿಡುತ್ತಿದ್ದರು. ಇವಳು ಕೋಣೆಗೆ ಬಂದರೆ ತಾಯಿ ಮಗನ ಮಾತು ನಿಲ್ಲುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ದಿನವೂ ಇಳಿಹೊತ್ತಿಗೆ ಗಂಡ ಒಂದು ಬಟ್ಟೆಗಂಟು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಹೋಗುತ್ತಿದ್ದ.

"ಎಲ್ಲಿಗೆ?"

"ಇಲ್ಲೇ."

"ಇಲ್ಲೇ ಅಂದ್ರೆ?"

"ಇಲ್ಲೇ ಅಂದ್ರೆ ಇಲ್ಲೇ ಕಣೆ. ದಿನಾ ಹೋಗ್ತೀನಿ, ದಿನಾ ಬರ್ತೀನಿ."

ಅತ್ತೆಯನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಗಂಡಸು ಅಂದ್ಮೇಲೆ ನಾಲ್ಕು ಹೆಜ್ಜೆ ಓಡಾಡ್ತಾನೆ" ಎಂದರು. ಅಷ್ಟು ವರ್ಷ ತಾನು ಯಂತ್ರದ ಮುಂದೆ ನಿಂತಿದ್ದ ಹೊತ್ತಿನಲ್ಲೆಲ್ಲ ಈ ಮನುಷ್ಯ ಹೀಗೇ ಹೊರಗೆ ಹೋಗುತ್ತಿದ್ದನೇ? ಯಾರ ಮನೆಗೆ? ಯೋಚನೆ ಎಲ್ಲೆಲ್ಲಿಗೋ ಹೋಗಿ, ನಾಚಿಕೆಯಾಗಿ, ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಒಂದು ದಿನ ತಡೆಯಲಾರದೆ ಚಪ್ಪಲಿ ಮೆಟ್ಟಿ ಅವನ ಹಿಂದೆಯೇ ಹೊರಟಳು.

ಅವನು ಗೋಡೆಯ ಪಕ್ಕಕ್ಕೇ ನಡೆಯುತ್ತಿದ್ದ. ಚರಂಡಿಯ ಕಲ್ಲು ಬಂದಲ್ಲಿ ನಿಂತು, ಕಾಲಿನಿಂದ ತಡವಿ, ಆಮೇಲೆ ದಾಟುತ್ತಿದ್ದ. ಸೈಕಲ್ಲೊಂದು ಗಂಟೆ ಬಾರಿಸಿದರೆ ಗೋಡೆಗೆ ಅಂಟಿಕೊಂಡು ಅದು ಹೋಗುವವರೆಗೂ ನಿಲ್ಲುತ್ತಿದ್ದ. ಕುಡಿದಿದ್ದಾನೆಯೇ ಎಂದು ಕೂಡ ಒಂದು ಕ್ಷಣ ಅನ್ನಿಸಿತು ಅವಳಿಗೆ. ತಿರುವಿನ ಔಷಧಿ ಅಂಗಡಿ ದಾಟಿದ ಮೇಲೆ ಅವನು ಇನ್ನೊಬ್ಬ ಟೈಲರನ ಅಂಗಡಿ ಹೊಕ್ಕ. ಊರೆಲ್ಲ 'ಮೂಲೆ ಟೈಲರ್' ಎಂದು ಕರೆಯುವ, ಇವನ ಎದುರಾಳಿ ಎಂದೇ ಅವಳು ತಿಳಿದಿದ್ದ ಮನುಷ್ಯ. ಆ ಟೈಲರ್ ಗಂಟು ಬಿಚ್ಚಿ, ಅಂಗಿಗಳನ್ನು ಒಂದೊಂದಾಗಿ ತೆಗೆದು, ಗುಂಡಿಮನೆ ಹಾಕಬೇಕಾದ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿಕೊಂಡ. ಹಿಂದಿನ ದಿನ ಬಿಟ್ಟುಹೋಗಿದ್ದ ಅಂಗಿಗಳನ್ನು ಮಡಚಿ ಕೊಟ್ಟ. ಇವಳಿಗೆ ತಲೆಬುಡ ತಿಳಿಯಲಿಲ್ಲ. ಗುಂಡಿಮನೆ ಹಾಕುವುದರಲ್ಲಿ ತನ್ನ ಗಂಡನನ್ನು ಮೀರಿಸುವವರಿಲ್ಲ ಎಂದು ಗಿರಾಕಿಗಳೇ ಹೇಳುತ್ತಿದ್ದ ಕಾಲವಿತ್ತು.

ಗಂಡ ತಟ್ಟನೆ ಹೊರಗೆ ಬಂದ. ಅವಳಿಗೆ ಅಡಗಿಕೊಳ್ಳಲು ಹೊತ್ತು ಸಿಗಲಿಲ್ಲ. ಮೆಟ್ಟಿಲ ಕೆಳಗೆ ನೇರ ಅವನ ಎದುರಿಗೇ ನಿಂತುಬಿಟ್ಟಿದ್ದಳು. ಏನು ಹೇಳಲಿ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನು ಅವಳ ಮುಖವನ್ನೇ ನೋಡಿ, ಮರ್ಯಾದೆಯಿಂದ ಗಂಟನ್ನು ಬದಿಗೆ ಸರಿಸಿಕೊಂಡು, "ಸ್ವಲ್ಪ ದಾರಿ ಬಿಡಿ ತಾಯಿ" ಎಂದ.

ಅವಳು ದಾರಿ ಬಿಟ್ಟಳು.

ಅವನು ಹತ್ತಾರು ಹೆಜ್ಜೆ ಹೋಗುವವರೆಗೂ ಅಲ್ಲೇ ನಿಂತಿದ್ದಳು. ಆಮೇಲೆ ಓಡಿಹೋಗಿ ಅವನ ತೋಳು ಹಿಡಿದಳು. "ರೀ. ನಾನು ಕಣ್ರೀ."

ಅವನ ಮುಖ ಬಿಳುಚಿಕೊಂಡಿತು. "ಓ," ಎಂದ, "ನೀನಾ ಅಲ್ಲಿ ನಿಂತಿದ್ದು? ಬಿಸಿಲು ಕಣ್ಣಿಗೆ ಹೊಡೀತಿತ್ತು ನೋಡು."

ಬಿಸಿಲು ಅವನ ಬೆನ್ನ ಹಿಂದಿತ್ತು.

ಮನೆಗೆ ಬಂದ ಮೇಲೆ ಎಲ್ಲ ಹೊರಬಿತ್ತು. ಎರಡೂ ಕಣ್ಣಿಗೆ ಪೊರೆ. ಶುರುವಾಗಿ ವರ್ಷಗಳೇ ಆಗಿದ್ದವು. ಬಟ್ಟೆ ಕತ್ತರಿಸುವುದು, ನೇರ ಹೊಲಿಗೆ ಎಲ್ಲ ಬೆರಳಿನ ಅಭ್ಯಾಸದಿಂದ ನಡೆಯುತ್ತಿತ್ತು. ನಾಜೂಕು ಕೆಲಸ ಮೂಲೆ ಟೈಲರನದು. ಸೂಜಿಗೆ ದಾರ ಅತ್ತೆಯದು. ಅವರಿಗೆ ಹಿಂದೊಮ್ಮೆ ದೊಡ್ಡ ಮಗಳ ಮನೆಯಲ್ಲಿದ್ದಾಗ ಪೊರೆ ತೆಗೆಸಿಯಾಗಿತ್ತು. "ನನ್ನ ಕಣ್ಣು ಹೊಸದು, ಅವನದು ಹಳೇದು. ತಾಯಿ ಮಗ ಅದಲು ಬದಲಾಗಿದೀವಿ" ಎಂದರು. ಡಬ್ಬಿಗಳು ಇದ್ದ ಜಾಗದಲ್ಲೇ ಇದ್ದರೆ ಮಾತ್ರ ಅಡುಗೆಯಾಗುತ್ತಿತ್ತು.

"ಆಪರೇಷನ್ ಮಾಡಿಸ್ಕೋಬೇಕಿತ್ತಲ್ಲ!"

"ಎರಡು ಸಲ ದಿನ ಕೊಟ್ಟಿದ್ರು ಆಸ್ಪತ್ರೇಲಿ. ಜೊತೆಗೆ ಒಬ್ರು ಬರ್ಲೇಬೇಕು, ಆಮೇಲೂ ನೋಡ್ಕೊಳ್ಳೋರು ಬೇಕು ಅಂದ್ರು. ಅಮ್ಮನ್ನ ಕರ್ಕೊಂಡು ಹೋದ್ರೆ ಯಾರು ಯಾರನ್ನ ನಡೆಸ್ಬೇಕು?"

"ನನಗೆ ಹೇಳ್ಬೇಕಿತ್ತು."

"ಹೇಳಿದ್ದೆ."

"ಯಾವಾಗ?"

"ಕಣ್ಣು ಯಾಕೋ ಮಂಜು ಮಂಜು ಅಂದೆ. ಕನ್ನಡಕ ತೊಳ್ಕೊಳ್ಳಿ ಅಂದೆ ನೀನು. ಇನ್ನೊಂದ್ಸಲ, ಒಂದು ವಾರ ರಜೆ ಸಿಗುತ್ತಾ ಅಂತ ಕೇಳಿದೆ. ಈ ತಿಂಗಳು ಆಗಲ್ಲ, ಹೊಸ ಯಂತ್ರ ಬರ್ತಿದೆ ಅಂದೆ." ಅವನ ದನಿಯಲ್ಲಿ ದೂರಿರಲಿಲ್ಲ. ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ. "ಆಮೇಲೆ ಬಿಟ್ಟೆ. ನಿನಗೆ ಅದೊಂದು ಹೆಮ್ಮೆ ಇತ್ತಲ್ಲ."

ಹಾಜರಕ್ಕ ನೆನಪು ಕೆದಕಿದಳು. ಹೊಸ ಯಂತ್ರ ನೆನಪಾಯಿತು. ಅದರ ಬಣ್ಣ, ಮೊದಲ ದಿನ ಅದು ಕಾಗದ ಹರಿದದ್ದು, ಸದ್ದು ಕೂಡ ನೆನಪಾಯಿತು. ಗಂಡ ಕೇಳಿದ್ದು ಮಾತ್ರ ಎಷ್ಟು ಕೆದಕಿದರೂ ಸಿಗಲಿಲ್ಲ. ಸಿಟ್ಟು ಯಾರ ಮೇಲೆ ಮಾಡಬೇಕೆಂದೂ ತಿಳಿಯಲಿಲ್ಲ. ಅತ್ತೆಯ ಮೇಲೆ ಮಾಡಿದಳು. "ನೀವಾದ್ರೂ ಬಾಯಿ ಬಿಡಬಾರದಿತ್ತಾ ಅತ್ತೆ?"

"ನೀನು ಮನೇಲಿದ್ದಿದ್ರೆ ಬಿಡ್ತಿದ್ದೆ ಮಗಳೇ" ಎಂದರು ಅತ್ತೆ.

ಮರುದಿನ ಬೆಳಗ್ಗೆ ಅವಳು ಕಾರ್ಖಾನೆಯ ಗೇಟಿಗೆ ಹೋದಳು. ಆಪರೇಷನ್ನಿಗೆ ಕಂಪನಿಯಿಂದ ಏನಾದರೂ ಸಹಾಯ ಸಿಗುತ್ತದೆಯೇ ಎಂದು ಕೇಳಬೇಕಿತ್ತು. ಇಷ್ಟು ವರ್ಷ ಅವಳನ್ನು ಕಂಡರೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ವಾಚ್‌ಮನ್ ಇಂದು ಕೈ ಅಡ್ಡ ಇಟ್ಟ.

"ಹಾಜರಕ್ಕ, ರಜೆಯಲ್ಲಿರೋರು ಒಳಗೆ ಬರೋ ಹಾಗಿಲ್ಲ. ಹೊಸ ಆರ್ಡರ್."

"ಒಂದು ಮಾತು ಕೇಳಿ ಹೋಗ್ತೀನಪ್ಪ."

"ನೀವು ಒಳಗೆ ಕಾಲಿಟ್ರೆ ಕೆಲಸಕ್ಕೆ ಬಂದ ಹಾಗಂತೆ. ರಜೆ ಮುರಿದುಹೋಗುತ್ತಂತೆ. ನನಗೂ ಅರ್ಥ ಆಗಿಲ್ಲಕ್ಕ, ಹೇಳಿದ್ದು ಹೇಳ್ತಿದೀನಿ."

ಕಡೆಗೆ ಲೆಕ್ಕದ ಮೇಡಂ ತಾನೇ ಗೇಟಿಗೆ ಬಂದಳು. ಸರಳುಗಳ ಆಚೆ ಅವಳು, ಈಚೆ ಇವಳು. ಒಳಗಿನಿಂದ ಕಾಗದ ಸುತ್ತುವ ಯಂತ್ರದ ಸದ್ದು ಕೇಳುತ್ತಿತ್ತು. ಒಂದೇ ಲಯ, ಎಲ್ಲೂ ತಡವರಿಸುತ್ತಿಲ್ಲ. ತನ್ನ ಜಾಗದಲ್ಲಿ ಯಾರು ನಿಂತಿದ್ದಾರೋ ಎಂದು ಕೇಳಬೇಕೆನ್ನಿಸಿ, ಕೇಳದೆ ಗಂಡನ ವಿಷಯ ಹೇಳಿದಳು.

"ಅದಕ್ಕೇನಕ್ಕ, ಇಡೀ ಕುಟುಂಬಕ್ಕೆ ವೈದ್ಯಕೀಯ ವಿಮೆ ಇದೆ. ಮೊದಲಿಂದಲೂ ಇದೆ. ಪ್ರತಿ ವರ್ಷ ನಿಮ್ಮ ಹೆಸರಲ್ಲಿ ಕಟ್ತಾನೇ ಇದೀವಿ. ನೀವು ಒಂದು ಸಲಾನೂ ಬಳಸಿಲ್ಲ."

ಹಾಜರಕ್ಕನ ಮುಖದಲ್ಲಿ ಆಸೆ ಮೂಡಿತು. "ಹಾಗಾದ್ರೆ ಅದೂ ಬೇಕಾದಷ್ಟು ಉಳಿದಿರಬೇಕು!"

"ಇಲ್ಲಕ್ಕ. ಅದು ಉಳಿಯಲ್ಲ. ಆಯಾ ವರ್ಷದ್ದು ಆಯಾ ವರ್ಷಕ್ಕೇ ಮುಗೀತು. ಬಳಸದಿದ್ರೆ ಹೋಯ್ತು."

"ರಜೆ ಬಳಸದಿದ್ರೆ ಬೆಳೆಯುತ್ತೆ, ಇದು ಬಳಸದಿದ್ರೆ ಕರಗುತ್ತಾ?"

"ಹೂಂ. ಕೆಲವು ಸೌಲಭ್ಯ ಕೂಡ್ತಾ ಹೋಗುತ್ತೆ, ಕೆಲವು ಕೂಡಲ್ಲ. ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಜಾತಿ."

"ಯಾವುದು ಯಾವ್ದು ಅಂತ ಮೊದಲೇ ಯಾರಾದ್ರೂ ಹೇಳ್ಬೇಕಿತ್ತಲ್ವಾ ಮೇಡಂ?"

ಹುಡುಗಿ ಸರಳು ಹಿಡಿದುಕೊಂಡಳು. "ಸೂಚನಾಫಲಕದಲ್ಲಿ ಹಾಕಿರ್ತೀವಿ ಅಕ್ಕ," ಎಂದಳು. ಆಮೇಲೆ ದನಿ ತಗ್ಗಿಸಿ, "ಯಾರೂ ಓದಲ್ಲ ಅಂತ ನಮಗೂ ಗೊತ್ತು. ಈ ವರ್ಷದ್ದಂತೂ ಇದೆ. ಆಸ್ಪತ್ರೆ ಹೆಸರು ಹೇಳಿ, ನಾನೇ ಫೋನ್ ಮಾಡ್ತೀನಿ" ಎಂದಳು.

ಹೇಳಿದ ಹಾಗೇ ಮಾಡಿದಳು. ಮುಂದಿನ ವಾರವೇ ಬಲಗಣ್ಣಿನ ಆಪರೇಷನ್ ಆಯಿತು. ಹಾಜರಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಗಂಡನ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒರೆಸಹೋದರೆ ಅದು ಮೊದಲೇ ಸ್ವಚ್ಛವಾಗಿತ್ತು.

ಮನೆಗೆ ಬಂದ ಮೇಲೆ ಹೊತ್ತುಹೊತ್ತಿಗೆ ಕಣ್ಣಿಗೆ ಹನಿ ಹಾಕುವ ಕೆಲಸ ಅವಳಿಗೆ ಸಿಕ್ಕಿತು. ಅದರಲ್ಲಿ ಅವಳನ್ನು ಹಿಡಿಯುವವರಿಲ್ಲ. ಸೈರನ್ ಕೂಗಿದ ಹಾಗೆ ಬಂದು ನಿಲ್ಲುತ್ತಿದ್ದಳು. ಡಬ್ಬಿಗಳನ್ನು ಹಿಂದಿನ ಹಾಗೇ ಇಟ್ಟು, ಅತ್ತೆಯ ಹತ್ತಿರ ಕೂತು ಯಾವುದು ಎಲ್ಲಿ ಎಂದು ಪಾಠ ಮಾಡಿಕೊಂಡಳು. ಸಂಜೆ ಬಟ್ಟೆಗಂಟನ್ನು ಮೂಲೆ ಟೈಲರನ ಅಂಗಡಿಗೆ ತಾನೇ ಒಯ್ದಳು. ಅವನು ಕೂಲಿ ತೆಗೆದುಕೊಳ್ಳುವಾಗ ಸಂಕೋಚಪಟ್ಟು, "ನಿಮ್ಮ ಯಜಮಾನ್ರಿಗೆ ಬೇಗ ವಾಸಿಯಾಗ್ಲಿ. ಆದ್ರೆ ನನಗೆ ಈ ಕೆಲಸ ತಪ್ಪುತ್ತಲ್ಲಮ್ಮ" ಎಂದ. ಹೌದಲ್ಲ ಎನ್ನಿಸಿತು ಅವಳಿಗೆ. ಒಬ್ಬರಿಗೆ ಗುಣವಾದರೆ ಇನ್ನೊಬ್ಬರಿಗೆ ಖೋತಾ. ಲೋಕವೇ ಹೀಗೋ, ಅಥವಾ ತನಗೆ ಆ ಹುಡುಗಿಯ ಲೆಕ್ಕ ತಲೆಗೇರಿದೆಯೋ?

ಪಟ್ಟಿ ತೆಗೆದು ಕಣ್ಣು ತಿಳಿಯಾದ ಮೇಲೆ ಗಂಡ ಮನೆಯಲ್ಲೆಲ್ಲ ತಿರುಗಾಡಿ ನೋಡಿದ. ಗೋಡೆಯ ಬಣ್ಣ ನೋಡಿದ, ಅಮ್ಮನ ಗುಂಡಿಗಳನ್ನು ನೋಡಿದ. ಅವಳ ಎದುರಿಗೆ ನಿಂತು ಬಹಳ ಹೊತ್ತು ನೋಡಿ, "ಕೂದಲು ಯಾವಾಗ ಹಣ್ಣಾಯ್ತೇ?" ಎಂದ.

"ನಿಮ್ಮನ್ನ ಕೇಳಿ ಹಣ್ಣಾಗ್ಬೇಕಿತ್ತಾ?" ಎಂದು ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಸುಮ್ಮನೆ ಒಂದು ಡಬ್ಬಿ ತೆರೆದು ಮುಚ್ಚಿದಳು.

ರಜೆ ಮುಗಿದ ಮರುದಿನ ಬೆಳಗ್ಗೆ ಎದ್ದು ನೋಡಿದರೆ ಗೂಟದಲ್ಲಿ ಯೂನಿಫಾರಂ ಇಲ್ಲ. ಮುಂದಿನ ಕೋಣೆಯಲ್ಲಿ ಗಂಡ ಕಿಟಕಿಯ ಬೆಳಕಿಗೆ ಕೂತಿದ್ದಾನೆ. ಅವಳ ನೀಲಿ ಅಂಗಿ ತೋಳು ಬೇರೆ, ಕಾಲರು ಬೇರೆ, ಜೇಬು ಬೇರೆಯಾಗಿ ಅವನ ಸುತ್ತ ಬಿದ್ದಿದೆ.

"ಏನ್ರೀ ಇದು! ಸೈರನ್ ಹೊತ್ತಾಯ್ತು!"

"ನಾನು ಹೊಲಿದ ಕಾಲರು ನೋಡಿದೀಯಾ? ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಜೇಬು ಹಳ್ಳಕ್ಕೆ ಜಾರಿದ ಹಾಗಿದೆ. ಇದನ್ನ ಹಾಕ್ಕೊಂಡು ಇಷ್ಟು ವರ್ಷ ಕೆಲಸಕ್ಕೆ ಹೋದ್ಯಾ? ಟೈಲರ್ ಹೆಂಡ್ತಿ ಅಂತ ಯಾರೂ ನಗಲಿಲ್ವಾ?"

ಹಾಜರಕ್ಕ ಕಾಲರನ್ನು ಕೈಗೆತ್ತಿಕೊಂಡು ನೋಡಿದಳು. ಸೊಟ್ಟಗೇ ಇತ್ತು. ಯಂತ್ರದಿಂದ ಬರುವ ಸಾಬೂನಿನ ಒಂದು ಸಣ್ಣ ಸುಕ್ಕನ್ನೂ ಬಿಡದವಳು ದಿನವೂ ಇದನ್ನೇ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಿದ್ದಳು.

"ನನಗೆ ಕಾಣ್ಲೇ ಇಲ್ಲ ಕಣ್ರೀ" ಎಂದಳು.

"ಕೂತ್ಕೋ. ಬೇಗ ಮುಗಿಸ್ತೀನಿ" ಎಂದು ಅವನು ಸೂಜಿಯನ್ನು ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ದಾರವನ್ನು ತಾನೇ ಪೋಣಿಸಿದ. ಅತ್ತೆ ಮಣೆಯಿಂದ ನೋಡಿ ಮೂಗು ಮುರಿದರು. "ನನ್ನ ಕೆಲಸ ಹೋಯ್ತು."

ಹಾಜರಕ್ಕ ಹುಟ್ಟಿದ ಮೇಲೆ ಮೊದಲ ಸಲ ಕೆಲಸಕ್ಕೆ ತಡವಾಗಿ ಹೋದಳು. ವಾಚ್‌ಮನ್ ಗಡಿಯಾರ ನೋಡಿಕೊಂಡು ಬಾಗಿಲು ತೆರೆದ. ಕಾಗದ ಸುತ್ತುವ ವಿಭಾಗದಲ್ಲಿ ಎಲ್ಲ ಸರಿಯಾಗಿತ್ತು. ಅವಳ ಜಾಗದಲ್ಲಿದ್ದ ಹೆಂಗಸು, "ಬಂದ್ರಾ ಅಕ್ಕ? ಚೆನ್ನಾಗಿದೀರಾ?" ಎಂದು ಪಕ್ಕಕ್ಕೆ ಸರಿದು ನಿಂತಳು. ಅವಳು ಯಂತ್ರದ ಮುಂದಿನ ಕೆಲಸದ ಬೆಂಚಿನ ಎತ್ತರವನ್ನು ಸ್ವಲ್ಪ ಬದಲಿಸಿಕೊಂಡಿದ್ದಳು. ಹಾಗಿದ್ದರೇ ಸೊಂಟಕ್ಕೆ ಹಿತ ಎಂದು ನಿಂತ ಮೇಲೆ ಇವಳಿಗೂ ಗೊತ್ತಾಯಿತು.

ಮಧ್ಯಾಹ್ನ ಲೆಕ್ಕದ ಮೇಡಂ ತಾನೇ ಹುಡುಕಿಕೊಂಡು ಬಂದಳು. ಮುಖ ಪೆಚ್ಚಾಗಿತ್ತು.

"ಅಕ್ಕ, ಹೇಗೆ ಹೇಳ್ಲಿ ಗೊತ್ತಾಗ್ತಿಲ್ಲ. ನೀವು ಎರಡು ತಿಂಗಳು ರಜೆ ಹಾಕಿದ್ರಿ, ಬಾಕಿ ಇಳೀತು. ಆಡಿಟರ್‌ಗೂ ಖುಷಿಯಾಯ್ತು. ಅಷ್ಟರಲ್ಲಿ ಎಲ್ಲರ ಸಂಬಳ ಏರಿಸಿದ್ರು."

"ಒಳ್ಳೇದೇ ಆಯ್ತಲ್ಲ ಮೇಡಂ."

"ಒಳ್ಳೇದೇ. ಆದ್ರೆ ಸಂಬಳ ಏರಿದ ಮೇಲೆ ಉಳಿದ ರಜೆ ಬೆಲೇನೂ ಏರ್ತು. ಕೂಡಿ ಕಳೆದು ನೋಡಿದ್ರೆ ಬಾಕಿ ಮೊದಲಿದ್ದಲ್ಲಿಗೇ ಹೆಚ್ಚುಕಡಿಮೆ ವಾಪಸ್ ಬಂದಿದೆ."

ಹಾಜರಕ್ಕ ಟೋಪಿ ತೆಗೆದು ತಲೆ ಕೆರೆದುಕೊಂಡಳು. "ಹಾಗಾದ್ರೆ ನಾನು ಮನೇಲಿ ಕೂತಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಾ?"

"ಪುಸ್ತಕದಲ್ಲಿ... ಹೌದು. ಒಂಥರ." ಹುಡುಗಿ ತಡವರಿಸಿದಳು. "ಇನ್ನೊಂದಿಷ್ಟು ದಿನ ಹಾಕ್ಬೇಕಾಗಬಹುದು. ಈಗಲೇ ಬೇಡ, ನಿಮಗೆ ಯಾವಾಗ—"

"ಬರೋ ಸೋಮವಾರದಿಂದ ಆಗುತ್ತಾ?" ಎಂದಳು ಹಾಜರಕ್ಕ. "ಇನ್ನೊಂದು ಕಣ್ಣು ಬಾಕಿ ಇದೆ. ಆ ವಿಮೆ ಈ ವರ್ಷ ಮುಗಿಯೋದ್ರೊಳಗೆ."

ಹುಡುಗಿ ಬೆಕ್ಕಸ ಬೆರಗಾಗಿ ಅವಳನ್ನೇ ನೋಡಿ, ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೇ ತಾರೀಕು ಬರೆದುಕೊಂಡಳು. "ಬರ್ಕೊಂಡೆ ಅಕ್ಕ. ಯಂತ್ರದ ಹತ್ತಿರ ಯಾರು ನಿಲ್ತಾರೆ?"

ಹಾಜರಕ್ಕ ತಿರುಗಿ ನೋಡಿದಳು. ಪಕ್ಕಕ್ಕೆ ಸರಿದಿದ್ದ ಹೆಂಗಸು ಇವರ ಮಾತನ್ನೇ ಕೇಳುತ್ತ ನಿಂತಿದ್ದಳು. "ಅವಳೇ ನಿಲ್ತಾಳೆ" ಎಂದಳು ಹಾಜರಕ್ಕ. "ನನಗಿಂತ ಚೆನ್ನಾಗೇ ನಿಲ್ತಾಳೆ ಅನ್ನಿಸುತ್ತೆ." ಹಾಗೆ ಅಂದಮೇಲೆ ಅದು ತನಗೆ ಸಂತೋಷದ ಮಾತೋ ಸಂಕಟದ ಮಾತೋ ಎಂದು ಒಂದು ಗಳಿಗೆ ಯೋಚಿಸಿದಳು. ತಿಳಿಯಲಿಲ್ಲ. ಯಂತ್ರ ಸಾಬೂನು ಉಗುಳುತ್ತಲೇ ಇತ್ತು. ಟೋಪಿ ಹಾಕಿಕೊಂಡು ಬೆಂಚಿಗೆ ಹೋದಳು.